ಹೆಣ್ಣು ನೋಡಲು ಹೋಗಿ ನಲ್ಲಿ ತೊಳೆದದ್ದು

ಬೋರ್‌ವೆಲ್ ನೀರಿನ ಬಿಳಿ ಕರೆ ಕಂಡರೆ ಆವರಗೆರೆಯ ಅಕ್ಕನಾಗಮ್ಮನಿಗೆ ಮೈಯೆಲ್ಲ ಉರಿಯುತ್ತದೆ. ಬಿಂದಿಗೆಯಾಗಲಿ ಬಕೆಟ್ಟಾಗಲಿ, ನಿಂಬೆ ಉಪ್ಪು ಹಾಕಿ ತಿಕ್ಕದೆ ಬಿಟ್ಟವಳಲ್ಲ. ಅದರ ಪೊಟ್ಟಣ ಸದಾ ಅವಳ ಚೀಲದಲ್ಲೇ ಇರುತ್ತದೆ.

ಮಗನಿಗೆ ಹೆಣ್ಣು ನೋಡಲು ಎಸ್.ಎಸ್. ಬಡಾವಣೆಗೆ ಹೋದ ದಿನ, ಕಾಲು ತೊಳೆಯಲು ಬಚ್ಚಲಿಗೆ ಹೋದವಳು ಹೊರಗೆ ಬರಲೇ ಇಲ್ಲ. ಪಡಸಾಲೆಯಲ್ಲಿ ಉಪ್ಪಿಟ್ಟು ಆರುತ್ತಿತ್ತು. ಕೊನೆಗೆ ಹುಡುಗಿ ವಾಣಿಯೇ ಬಂದು ಇಣುಕಿದಳು. ನಿಂಬೆ ಉಪ್ಪಿನ ನೀರಲ್ಲಿ ಅದ್ದಿದ ಕರ್ಚೀಫನ್ನು ನಲ್ಲಿಗೆ ಸುತ್ತಿ, ಕರೆ ನೆನೆಯಲೆಂದು ಅಕ್ಕನಾಗಮ್ಮ ಕಾಯುತ್ತ ನಿಂತಿದ್ದಳು.

"ತಪ್ಪು ತಿಳೀಬ್ಯಾಡವ್ವ, ಕೈ ತಡೀಲಿಲ್ಲ," ಎಂದಳು ನಾಚಿಕೊಂಡು.

ವಾಣಿ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನೀವು ಹೋಗಿ ಉಪ್ಪಿಟ್ಟು ತಿನ್ರಿ ಅತ್ತೆ. ಉಳಿದದ್ದು ನಾನು ತಿಕ್ತೀನಿ."

ಅಕ್ಕನಾಗಮ್ಮ ಹೊರಗೆ ಬಂದು ಗಂಡನ ಕಿವಿಯಲ್ಲಿ ಹೇಳಿದಳು: "ಮನೆಗೆ ಹೋಗಿ ಹೇಳ್ತೀವಿ ಅನ್ಬ್ಯಾಡ್ರಿ ಮತ್ತೆ. ಹುಡುಗಿ ನಮ್ಮನ್ನ ಆಗ್ಲೇ ಒಪ್ಪ್ಯಾಳೆ."