ಎರಡು ಗೆರೆ, ಒಂದು ಪ್ರಮಾಣಪತ್ರ

ನಮ್ಮ ಕಾಲೇಜಿನ ಕೆಡೆಟ್ ಶಿಬಿರವನ್ನು ನಡೆಸಿದವರ ಮೇಲೆ ನನ್ನದೊಂದು ಆರೋಪವಿದೆ. ಅಂದಿನ ಅರವತ್ತು ಹುಡುಗಿಯರಲ್ಲಿ ಎಲ್ಲರಿಗಿಂತ ಸಮರ್ಥಳಾಗಿದ್ದವಳನ್ನು ಅವರು ಚಹಾಕ್ಕೆ ಕರೆದು, ಹೊಗಳಿ, ಅವಳಿಗೆ ಸಲ್ಲಬೇಕಾಗಿದ್ದ ಪ್ರಮಾಣಪತ್ರವನ್ನು ತಪ್ಪಿಸಿದರು. ತಿಳಿಯದೆ ಆದದ್ದೆಂದು ಅವರ ಪರವಾಗಿ ಯಾರಾದರೂ ಹೇಳಬಹುದು. ತಿಳಿಯದೆ ಆಗುವ ತಪ್ಪು ಒಮ್ಮೆ ಆಗುತ್ತದೆ. ವರ್ಷ ವರ್ಷವೂ ಅದೇ ಚಹಾಕ್ಕೆ ಕರೆದು, ಅದೇ ಕಪ್-ಬಶಿಗಳೊಂದಿಗೆ ಆಗುವುದಿಲ್ಲ.

ಈ ಮಾತನ್ನು ನಾನು ಆರು ವರ್ಷ ತಡವಾಗಿ ಆಡುತ್ತಿದ್ದೇನೆ. ಆಡಿಸಿದ್ದು ಸೈಕ್ಲೋಸ್ಟೈಲ್ ಶಾಯಿಯ ವಾಸನೆ. ಕಳೆದ ವಾರ ಮುಂಬಯಿಯ ಸಯನ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನನ್ನ ತಂಗಿ ಸುಮಾ ತಟ್ಟೆಯ ಪಕ್ಕಕ್ಕೆ ಆ ವಾಸನೆಯ ಒಂದು ಹಾಳೆ ಸರಿಸಿದಳು. ಅವಳೀಗ ಅದೇ ಕಾಲೇಜಿನಲ್ಲಿ ಕೆಡೆಟ್. ಹಾಳೆಯಲ್ಲಿ ಎರಡು ಚೌಕಗಳಿದ್ದವು: ಒಂದರ ಎದುರು ‘ಮುಂದುವರಿದ ತರಬೇತಿ’, ಇನ್ನೊಂದರ ಎದುರು ‘ಶಿಬಿರ ಸಿಬ್ಬಂದಿ’. ಒಂದಕ್ಕೆ ಗುರುತು ಹಾಕಿ, ಮನೆಯವರ ಸಹಿ ಪಡೆದು ಮರಳಿಸಬೇಕು.

“ಅಕ್ಕಾ, ಮಾಲೂಮ್ ಏನ? ಮೇಡಂ ನನಗ ಚಹಾಕ್ಕ ಕರದಿದ್ರು! ಪೂರಾ ಕಂಪನಿದಾಗ ಮೂರೇ ಹುಡುಗ್ಯಾರಿಗೆ,” ಎಂದಳು. “ಸ್ಟಾಫ್‌ಗೆ ಬಾ ಅಂದ್ರು.”

ಎದೆಯುಬ್ಬಿಸಿ ಕೂತಿದ್ದ ಅವಳಿಗೆ, “ಸಾರು ಹಾಕು,” ಎಂದೆ.

ಓದುಗರು ನನ್ನೊಂದಿಗೆ ಸ್ವಲ್ಪ ಹಿಂದಕ್ಕೆ ಬರಬೇಕು. ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಬ್ಲ್ಯಾಕೌಟಿಗಾಗಿ ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ನಮ್ಮ ಬಿಲ್ಡಿಂಗಿನ ಕೆಲವರು ಸೋಮಾರಿತನದಿಂದಲೋ ಮುಂಜಾಗ್ರತೆಯಿಂದಲೋ ಇನ್ನೂ ಕಿತ್ತಿರಲಿಲ್ಲ. ಕಾಲೇಜಿನ ಅರ್ಧ ಹುಡುಗಿಯರಿಗೆ ಖಾಕಿ ತೊಡುವ ಆಸೆ ಹುಟ್ಟಿತ್ತು. ನಾನು ದೇಶಪ್ರೇಮದಿಂದಲೇ ಕೆಡೆಟ್ ಆದೆನೆಂದು ಧಾರವಾಡದ ಅಜ್ಜನಿಗೆ ಪತ್ರ ಬರೆದಿದ್ದೆ. ಪೆರೇಡ್ ಮುಗಿದ ಮೇಲೆ ಪುಕ್ಕಟೆಯಾಗಿ ಎರಡು ಬಟಾಟೆವಡೆ ಸಿಗುತ್ತವೆಂಬುದನ್ನು ಆ ಪತ್ರದಲ್ಲಿ ಬರೆಯಲಿಲ್ಲ.

ನಾನು ಮೊದಲು ಹೇಳಿದ ಆ ಸಮರ್ಥ ಹುಡುಗಿ, ಕಾಶೀಬಾಯಿ, ಬೇರೆಯೇ ಕಾರಣಕ್ಕೆ ಬಂದವಳು. ಅವಳ ತಂದೆ ಬಿಜಾಪುರದ ಕಡೆಯ ಗೌಂಡಿ. ಮುಂಬಯಿಯ ಎಷ್ಟೋ ಬಿಲ್ಡಿಂಗುಗಳ ಗೋಡೆ ಎಬ್ಬಿಸಿ ತಾವು ಮಾತ್ರ ಘಾಟ್ಕೋಪರಿನ ಗುಡ್ಡದ ಚಾಳೊಂದರಲ್ಲಿ ಉಳಿದಿದ್ದರು. ಮಗಳಿಗೆ ಡ್ರಿಲ್ ಟೀಚರ್ ಆಗಬೇಕಿತ್ತು. ಶಾರೀರಿಕ ಶಿಕ್ಷಣದ ಕಾಲೇಜಿನಲ್ಲಿ ಸೀಟು ಸಿಗಲು ಮುಂದುವರಿದ ತರಬೇತಿಯ ಪ್ರಮಾಣಪತ್ರವಿದ್ದವರಿಗೆ ಆದ್ಯತೆ ಎಂಬ ನಿಯಮವನ್ನು ಅವಳು ಆ ಕಾಲೇಜಿನ ಸೂಚನಾಫಲಕದ ಮುಂದೆ ನಿಂತು ಬರೆದುಕೊಂಡು ಬಂದಿದ್ದಳು. “ಸೀಟಿ ಊದಿದ್ರ ನೂರು ಮಂದಿ ಗಕ್ಕನ ನಿಂದರಬೇಕು ನೋಡವಾ,” ಎನ್ನುತ್ತಿದ್ದಳು. “ನಮ್ಮಪ್ಪ ಒದರಿದ್ರ ಕೂಲಿಯವ್ರು ಸೈತ ನಿಂದರೂದಿಲ್ಲ.”

ಶಿಬಿರ ಮಲಾಡಿನಾಚೆ, ಸಮುದ್ರ ಒಳನುಗ್ಗಿದ ಖಾಡಿಯ ಉಪ್ಪುಗಾಳಿ ಬೀಸುವ ಬಯಲಿನಲ್ಲಿ. ಅಲ್ಲಿಯ ಪದ್ಧತಿ ವಿಚಿತ್ರವಾಗಿತ್ತು; ಆಗಿನ್ನೂ ಹಾಳೆ, ಚೌಕಗಳಿರಲಿಲ್ಲ. ಮೊದಲ ದಿನದ ಬೆಳಿಗ್ಗೆ ಉಸ್ತಾದರು, ಎಂದರೆ ನಮಗೆ ಕಲಿಸಲು ಸೈನ್ಯದಿಂದ ಬಂದ ಹವಾಲ್ದಾರರು, ನೆಲದ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆಯುತ್ತಿದ್ದರು. ತರಬೇತಿ ಬೇಕಾದವರು ಒಂದರ ಮೇಲೆ, ಸಿಬ್ಬಂದಿ ಕೆಲಸ ಬೇಕಾದವರು ಇನ್ನೊಂದರ ಮೇಲೆ ತಾವಾಗಿಯೇ ಹೋಗಿ ನಿಲ್ಲಬೇಕು. ಸಂಪೂರ್ಣ ಸ್ವಾತಂತ್ರ್ಯ! ಆದರೆ ಹಿಂದಿನ ಸಂಜೆಯೇ ನಮ್ಮ ಅಧಿಕಾರಿ ಮೇಡಂ ಮೂರು ನಾಲ್ಕು ಹುಡುಗಿಯರನ್ನು ತಮ್ಮ ಡೇರೆಗೆ ಚಹಾಕ್ಕೆ ಕರೆಯುತ್ತಿದ್ದರು. ಉಳಿದವರಿಗೆ ತಗಡಿನ ಮಗ್ಗು; ಅವರಿಗೆ ಹೂವಿನ ಚಿತ್ರದ ಕಪ್-ಬಶಿ. ಮರುದಿನ ಆ ಹುಡುಗಿಯರು ಸಿಬ್ಬಂದಿಯ ಗೆರೆಯ ಮೇಲೆ ನಿಂತಿರುತ್ತಿದ್ದರು. ತೋಳಿಗೆ ಕೆಂಪು ಪಟ್ಟಿ, ಮಲಗಲು ಪಕ್ಕಾ ಕೋಣೆ, ನಸುಕಿನ ಓಟದಿಂದ ವಿನಾಯಿತಿ. ಡೇರೆಗಳಲ್ಲಿ ಮಲಗುವ ನಾವು ಅವರನ್ನು ಅಧಿಕಾರಿಗಳ ಮಕ್ಕಳನ್ನು ನೋಡುವಂತೆ ನೋಡುತ್ತಿದ್ದೆವು.

ಆ ವರ್ಷ ಚಹಾಕ್ಕೆ ಹೋದವರಲ್ಲಿ ಕಾಶಿಯೂ ಒಬ್ಬಳು. ಮರಳಿ ಬಂದಾಗ ಅವಳ ಮುಖ ಅರಳಿತ್ತು, ಹುಬ್ಬು ಮಾತ್ರ ಗಂಟಿಕ್ಕಿತ್ತು.

“ಮೇಡಂ ಏನಂದ್ರು?” ಎಂದೆ.

“ನೀ ಇಲ್ಲಂದ್ರ ಸ್ಟೋರ್ ಯಾರ ಸಾಂಭಾಳಸಾವ್ರು ಅಂದ್ರು. ಕಪ್ ಬಶ್ಯಾಗ ಚಹಾ ಕೊಟ್ರವಾ! ಹ್ಯಾಂಗ ಇಲ್ಲ ಅನ್ಲಿ?”

“ಮತ್ತ ಟ್ರೇನಿಂಗ್?”

“ಕೇಳಿದ್ನಿ. ‘ಸಬ್ ಬರಾಬರ್ ಹೋತಾ ಹೈ’ ಅಂದ್ರು. ಎರಡೂ ಒಂದ ಅಂತ.”

ನನ್ನನ್ನು ಯಾರೂ ಕರೆದಿರಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ: ನನ್ನ ಬೆಲ್ಟಿನ ಬಕಲು ಸದಾ ಸೊಂಟದ ಪಕ್ಕಕ್ಕೆ ಸರಿದಿರುತ್ತಿತ್ತು, ಎಡಕ್ಕೆ ತಿರುಗು ಎಂದರೆ ಒಂದು ಕ್ಷಣ ಯೋಚಿಸುತ್ತಿದ್ದೆ. ಹೀಗೆ ಯಾರಿಗೂ ಬೇಡವಾದವಳಾಗಿ ನಾನು ಮುಂದುವರಿದ ತರಬೇತಿಯ ಗೆರೆಯ ಮೇಲೆ ನಿಂತೆ. ಮೂರನೆಯ ಮಧ್ಯಾಹ್ನ ನಕ್ಷೆ ಓದುವ ಪಾಠದಲ್ಲಿ ಆರು ಹುಡುಗಿಯರ ಮುಂದಾಳಾಗಿ ಗುರಿಯತ್ತ ಹೊರಟು, ಎಲ್ಲರನ್ನೂ ನೇರವಾಗಿ ಎಮ್ಮೆಗಳ ತಬೇಲಾ ಒಂದಕ್ಕೆ ಕರೆದೊಯ್ದೆ. ಸಗಣಿ ಮೆತ್ತಿದ ಬೂಟುಗಳೊಂದಿಗೆ ಮರಳಿದಾಗ ಉಸ್ತಾದರು ಗಂಭೀರವಾಗಿ, “ದುಶ್ಮನ್ ಮಿಲ್ ಗಯಾ ಕ್ಯಾ?”, ಶತ್ರು ಸಿಕ್ಕಿದನೇ, ಎಂದು ಕೇಳಿದರು. ಆಮೇಲೆ ನಕ್ಷೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಲಿದ್ದ ಬದಿಯನ್ನು ಕೆಳಗೆ ಮಾಡಿ ಮರಳಿ ಕೊಟ್ಟರು.

ಇತ್ತ ಕಾಶಿಯ ಸ್ಟೋರು ನೋಡುವಂತಿತ್ತು. ಅವಳು ಇದ್ದಿಲಿನಿಂದ ಗೋಡೆಯ ಮೇಲೆ ಪ್ರತಿಯೊಂದು ಸಾಮಾನಿನ ಆಕಾರ ಬರೆದಿದ್ದಳು: ಸಲಿಕೆ, ಸುತ್ತಿಗೆ, ಲಾಂದ್ರ, ಹಗ್ಗದ ಸುರುಳಿ. ಮರಳಿ ತಂದವರು ಅದರದರ ಆಕಾರದ ಮೇಲೆಯೇ ತೂಗುಹಾಕಬೇಕು. ಖಾಲಿ ಉಳಿದ ಆಕಾರವೇ ಏನು ಬಂದಿಲ್ಲವೆಂದು ಕೂಗಿ ಹೇಳುತ್ತಿತ್ತು. ಕೆಲಸ ನಡೆಯುವ ಬಿಲ್ಡಿಂಗುಗಳಲ್ಲಿ ಓದುಬರಹ ಬಾರದ ಅವಳ ತಂದೆ ಹೀಗೆಯೇ ಮಾಡುತ್ತಿದ್ದರಂತೆ. ಐದನೆಯ ದಿನ ಮಧ್ಯಾಹ್ನ ಖಾಡಿಯ ಕಡೆಯಿಂದ ಗಾಳಿ ಎದ್ದು ಅರ್ಧ ಡೇರೆಗಳು ನೆಲಕಚ್ಚಿದಾಗ, ಮುಂದುವರಿದ ತರಬೇತಿಯವರಾದ ನಾವು ಮುಂದುವರಿದ ರೀತಿಯಲ್ಲಿ ಕಿರುಚಿಕೊಂಡೆವು. ಕಾಶಿ ಉಸ್ತಾದರ ಸೀಟಿ ಇಸಕೊಂಡು ಊದಿದಳು. “ಹಗ್ಗ ಹಿಡ್ಯಾವ್ರು ಈ ಕಡೆ! ಗೂಟ ಬಡ್ಯಾವ್ರು ಆ ಕಡೆ! ಅಳಾವ್ರು ಮೋರಿ ಕಡೆ!” ಗಕ್ಕನೆ ನಿಂತೆವು. ಸಂಜೆಯ ಪೆರೇಡಿಗೆ ಮುಂಚೆ ಎಲ್ಲ ಡೇರೆಗಳೂ ಎದ್ದಿದ್ದವು.

ನನ್ನನ್ನು ಇಂದಿಗೂ ಕಾಡುವ ಕುತೂಹಲ ಇದು: ಒಂದು ಶಿಬಿರಕ್ಕೆ ತನ್ನ ಕಂಬಳಿಗಳನ್ನು ಕಾಯಲು ಅತ್ಯಂತ ಚುರುಕಾದವಳೂ, ನಕ್ಷೆ ಓದಲು ಅತ್ಯಂತ ದಡ್ಡಿಯೂ ಏಕೆ ಬೇಕಾಗುತ್ತಾರೆ? ಮೇಡಂ ಕೆಟ್ಟವರಲ್ಲ. ಹತ್ತು ದಿನ ಅರವತ್ತು ಹುಡುಗಿಯರಿಗೆ ಊಟ, ಹಾಸಿಗೆ, ದೀಪ ಹೊಂದಿಸಬೇಕಾದವರು ಅವರು. ಶಿಬಿರ ಚೆನ್ನಾಗಿ ನಡೆಯಿತೆಂದು ಮೇಲಿನವರು ಬರೆದರೆ ಸಾಕು. ಯಾವ ಹುಡುಗಿ ಏನು ಕಲಿತಳೆಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ.

ಪ್ರಮಾಣಪತ್ರಕ್ಕಾಗಿ ಶಿಬಿರದ ಕೊನೆಗೆ ನಡೆಯುವ ಪರೀಕ್ಷೆಯ ಪಟ್ಟಿಯಲ್ಲಿ ಕಾಶಿಯ ಹೆಸರು ಇರಲಿಲ್ಲ. ತರಗತಿಗಳಲ್ಲಿ ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲವೆಂದರು. ಅವಳಿಗೆ ಸಿಕ್ಕಿದ್ದು ಟೈಪು ಮಾಡಿದ ಒಂದು ಪ್ರಶಂಸೆಯ ಪತ್ರ. ಅದನ್ನು ಹಿಡಿದು ಶಾರೀರಿಕ ಶಿಕ್ಷಣದ ಕಾಲೇಜಿಗೆ ಹೋದಳು; ಅಲ್ಲಿಯ ಗುಮಾಸ್ತರು ಓದಿ, ಪತ್ರ ಬಹಳ ಚೆನ್ನಾಗಿದೆ ಎಂದು ಮರಳಿಸಿದರು. ನನಗೆ ಪ್ರಮಾಣಪತ್ರ ಸಿಕ್ಕಿತು. ಅದು ನಮ್ಮ ಮನೆಯ ಟ್ರಂಕಿನಲ್ಲಿ ಯಾವ ಉಪಯೋಗಕ್ಕೂ ಬಾರದೆ ಮಲಗಿದೆ.

ಕಳೆದ ಭಾನುವಾರ ಲೋಕಲ್ ಹಿಡಿದು ಘಾಟ್ಕೋಪರಿಗೆ ಹೋದೆ. ಕಾಶಿ ಈಗ ಒಂದು ಶಾಲೆಯಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುತ್ತಾಳೆ. ಚೆಂಡಿಗೆ ಗಾಳಿ ತುಂಬಿಡುತ್ತಾಳೆ. ಬಯಲಿನಲ್ಲಿ ಸೀಟಿ ಊದುವವರು ಬೇರೆ.

“ನಿನಗಾದ ಅನ್ಯಾಯದ ಮ್ಯಾಲೆ ಬರೀಬೇಕಂತೀನಿ,” ಎಂದೆ.

ಅವಳು ಜೋರಾಗಿ ನಕ್ಕಳು. “ಎಮ್.ಎ. ಮುಗಿಸಿದ ಮ್ಯಾಲೆ ಗೊತ್ತಾತೇನ ನಿನಗ?” ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಬರಿ. ಆದ್ರ ಚಹಾ ಕುಡದು ಮೋಸ ಹೋದ ಬಡ ಹುಡುಗಿ ಅಂತ ಬರೀಬ್ಯಾಡ. ಸ್ಟೋರ್ ಕೆಲಸ ನನ್ನ ಮನಸ್ಸಿಗೆ ಬಂದಿತ್ತು. ನಾ ಮಾಡಿದ್ದು ಕಲಿಯೂದಲ್ಲೇನು? ಅದಕ್ಕ ಯಾಕ ಪರೀಕ್ಷಾ ಇಡಲಿಲ್ಲ ಅಂತ ಕೇಳು.”

ಸಿಬ್ಬಂದಿ ಕೆಲಸವನ್ನೇ ರದ್ದು ಮಾಡಬೇಕೆಂಬ ನನ್ನ ಉರಿಯುವ ವಾಕ್ಯಗಳೆಲ್ಲ ಅಲ್ಲಿಯೇ ಆರಿದವು. ಉಳಿದದ್ದು, ಆರು ವರ್ಷ ನುಂಗಿಕೊಂಡಿದ್ದ ಒಂದು ಮಾತು. ಅದನ್ನು ಅವಳಿಗೆ ಹೇಳಿದೆ, ನಿಮಗೂ ಹೇಳಬೇಕು.

ಶಿಬಿರದ ಎರಡನೆಯ ದಿನವೇ ಉಸ್ತಾದರು ನಮಗೆ ತಿಳಿಸಿದ್ದರು: ತರಗತಿಗೆ ಬಂದವರಿಗಷ್ಟೇ ಪರೀಕ್ಷೆ, ಗೆರೆ ಬದಲಿಸಬೇಕೆನ್ನುವವರು ಮರುದಿನ ಬೆಳಗಿನೊಳಗೆ ಬದಲಿಸಬಹುದು, ಸಿಬ್ಬಂದಿಯ ಗೆಳತಿಯರಿಗೆ ಹೇಳಿಬಿಡಿ. ಆ ಸಂಜೆ ನಾನು ಸ್ಟೋರಿಗೆ ಹೋದೆ. ಕಾಶಿ ತೂತಿಲ್ಲದ ಎರಡು ಉಣ್ಣೆಯ ಕಂಬಳಿಗಳನ್ನು ನನಗೆಂದೇ ತೆಗೆದಿಟ್ಟಿದ್ದಳು. ಖಾಡಿಯ ಚಳಿ ನಡುಗಿಸುತ್ತಿತ್ತು. ಮೇಡಂ ಹೇಳಿಯೇ ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು, ಕಂಬಳಿಗಳನ್ನು ಎದೆಗವಚಿಕೊಂಡು ಮರಳಿದೆ.

ಇದನ್ನು ಕೇಳಿ ಕಾಶಿ ಬಾಗಿಲಾಚೆಯ ಗುಡ್ಡದ ಮೆಟ್ಟಿಲುಗಳತ್ತ ಮುಖ ಮಾಡಿದಳು.

“ಎರಡು ಕೊಟ್ಟಿದ್ನಿ,” ಎಂದಳು. “ಒಂದೂ ಕೊಡಬಾರದಿತ್ತು. ಚಳಿಗಾದ್ರೂ ಬಾಯಿ ಬಿಡ್ತಿದ್ದಿ.”

ಆಮೇಲೆ ನನ್ನತ್ತ ತಿರುಗಿದಳು.

“ಅದನ್ನೂ ಬರಿ. ಇಲ್ಲಂದ್ರ ಉಳಿದದ್ದು ಬರೀಬ್ಯಾಡ.”

ಬರೆದಿದ್ದೇನೆ. ಶಾರೀರಿಕ ಶಿಕ್ಷಣದ ಕಾಲೇಜು ಸೇರಲು ಕಾಶಿಯ ವಯಸ್ಸಿಗೆ ಇದೇ ಕೊನೆಯ ವರ್ಷ. ಆರೋಪ ಮಾಡಲು ಹೊರಟವಳು ಈಗ ಆರೋಪಿಗಳ ಸಾಲಿನಲ್ಲಿಯೂ ನಿಂತು ಕೇಳುತ್ತಿದ್ದೇನೆ. ಹಾಗೆಂದು ಕೇಳುವ ಹಕ್ಕನ್ನು ಬಿಟ್ಟುಕೊಡುವುದಿಲ್ಲ.

ಆದುದರಿಂದ ಕಾಲೇಜಿನ ಪ್ರಾಂಶುಪಾಲರಲ್ಲಿಯೂ ಶಿಬಿರದ ಅಧಿಕಾರಿಗಳಲ್ಲಿಯೂ ನನ್ನ ವಿನಂತಿ. ಸಿಬ್ಬಂದಿ ಕೆಲಸವೂ ತರಬೇತಿಯೂ ಸಮಾನವೆಂದು ಹುಡುಗಿಯರಿಗೆ ಹೇಳಿದ್ದು ಯಾವ ನಿಯಮದ ಮೇಲೆ ಎಂಬುದನ್ನು ತಿಳಿಸಿರಿ. ಅಂಥ ನಿಯಮ ಇದ್ದರೆ ಸಿಬ್ಬಂದಿ ಕೆಲಸಕ್ಕೂ ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಡಿರಿ. ಇಲ್ಲವಾದರೆ ಇಲ್ಲವೆಂದು, ಹುಡುಗಿಯರು ಆಯ್ಕೆ ಮಾಡುವ ಮೊದಲೇ, ಅವರ ಮುಂದೆ ಹೇಳಿರಿ. ಸುಮಾಳ ಹಾಳೆಯ ಎರಡೂ ಚೌಕಗಳು ಇನ್ನೂ ಖಾಲಿ ಇವೆ. ನೀವು ಮಾತು ಕೊಟ್ಟು ಪರೀಕ್ಷೆಯಿಂದ ಹೊರಗಿಟ್ಟ ಕಾಶೀಬಾಯಿಯನ್ನು ಈ ವರ್ಷದ ಶಿಬಿರದಲ್ಲಿಯೇ ಪರೀಕ್ಷೆಗೆ ಕೂರಿಸಿರಿ. ಉಸ್ತಾದರ ಸೂಚನೆ ಅವಳಿಗೆ ಮುಟ್ಟಲಿಲ್ಲವೆಂಬುದಕ್ಕೆ ಸಾಕ್ಷಿ ನಾನೇ. ಮುಟ್ಟಿಸದವಳೂ ನಾನೇ ಎಂದು ಸಹಿ ಹಾಕಿ ಕೊಡಲು ಸಿದ್ಧಳಿದ್ದೇನೆ. ಉತ್ತರ ಬರಹದಲ್ಲಿರಲಿ, ಕಾಲೇಜುಗಳ ಪ್ರವೇಶ ಮುಗಿಯುವ ಮೊದಲು ಬರಲಿ. ಅದನ್ನು ನನಗೆ ಕಳುಹಿಸಬೇಕಾಗಿಲ್ಲ, ಕಾಶೀಬಾಯಿಗೆ ಕಳುಹಿಸಿರಿ.