ಮೆಣಸಿನಕಾಯಿ ಕೋಣೆಯ ಅರಸುಮಕ್ಕಳು

ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಸೀನುವವರಲ್ಲಿ ನಾನು ಅಗ್ರಗಣ್ಯ. ಎಂಥ ಗಹನವಾದ ಗ್ರಂಥ ಹಿಡಿದು ಕೂತಿದ್ದರೂ ನನ್ನ ಪಾಂಡಿತ್ಯವೆಲ್ಲ ಮೂಗಿನಿಂದ ಹೊರಬಿದ್ದುಬಿಡುತ್ತದೆ. ಆದರೂ ಆ ಘಾಟಿನ ಮೇಲೆ ನನಗೆ ಸಿಟ್ಟಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಅಣ್ಣಿಗೇರಿಯಲ್ಲಿ ಇತಿಹಾಸದ ಮಾಸ್ತರ. ಹೆಂಡತಿ ಶಾಂತಾ ಚೊಚ್ಚಲ ಹೆರಿಗೆಗೆ ಕುಂದಗೋಳದ ತವರಿಗೆ ಹೋಗಿದ್ದಳು. ಅಲ್ಲಿ ಒಣಮೆಣಸಿನಕಾಯಿ ತುಂಬಿಡುವ ಕೋಣೆಯೊಂದಿತ್ತು. ಮನೆಯಲ್ಲಿ ಯಾರಿಗೆ ದಿನ ತುಂಬಿದರೂ ಚೀಲಗಳನ್ನು ಹೊರಗೆ ಹಾಕಿ, ಸುಣ್ಣ ಬಳಿದು, ಅದನ್ನೇ ಹೆರಿಗೆಗೆ ಬಿಟ್ಟುಕೊಡುವುದು ರೂಢಿ. ಎಷ್ಟು ಬಳಿದರೂ ಘಾಟು ಹೋಗುತ್ತಿರಲಿಲ್ಲ. ನಾನು ಹೆದರಿ ಹುಬ್ಬಳ್ಳಿಯ ದವಾಖಾನೆಯ ಮಾತೆತ್ತಿದೆ.

“ನಮ್ಮವ್ವ ನನ್ನ ಹಡದದ್ದು ಇದ ಖೋಲ್ಯಾಗರಿ. ನನ್ನ ಕೂಸೂ ಇಲ್ಲೇ ಹುಟ್ಟಲಿ,” ಎಂದಳು ಶಾಂತಾ.

ಆ ಮಾತಿಗೆ ನಾನು ಸೋತದ್ದು ಪ್ರೀತಿಯಿಂದಷ್ಟೇ ಅಲ್ಲ, ಪಾಠದ ಹುಚ್ಚಿನಿಂದಲೂ. ನಾನು ತರಗತಿಯಲ್ಲಿ ಹೇಳುತ್ತಿದ್ದ ಹಳೆಯ ಬೈಜಾಂಟೈನ್ ಸಾಮ್ರಾಜ್ಯದ ಅರಮನೆಯಲ್ಲಿ ಕೆಂಪು ಬೆರೆತ ನೇರಳೆ ಕಲ್ಲಿನ ಪ್ರಸೂತಿಗೃಹವೊಂದಿತ್ತು. ಆಳುತ್ತಿರುವ ಚಕ್ರವರ್ತಿಗೆ ಅಲ್ಲಿ ಹುಟ್ಟಿದ ಮಕ್ಕಳಿಗೆ ‘ಪೋರ್ಫಿರೋಜೆನಿಟಸ್’, ಅಂದರೆ ‘ನೇರಳೆಯಲ್ಲಿ ಜನಿಸಿದವರು’ ಎಂಬ ಬಿರುದು. ತಂದೆ ಪಟ್ಟವೇರುವ ಮೊದಲೇ ಹುಟ್ಟಿದ ಅಣ್ಣನಿಗೆ ಅದಿಲ್ಲ. ತಮ್ಮನು ಆ ಬಿರುದನ್ನೇ ಮುಂದೊಡ್ಡಿ ಸಿಂಹಾಸನದ ಮೇಲೆ ಹಕ್ಕು ಹೇಳಬಹುದಿತ್ತು. ಹೀಗಿರುವಾಗ ನನ್ನ ಕೂಸಿಗೂ ಒಂದು ಕೆಂಪು ಮೆಣಸಿನಕಾಯಿ ಕೋಣೆಯ ಬಿರುದಿರಲಿ ಎಂದು ಒಳಗೊಳಗೇ ಬೀಗಿದೆ.

ಹೆರಿಗೆಯ ದಿನ ಆ ಬೀಗುವಿಕೆಯೆಲ್ಲ ಇಳಿಯಿತು. ಒಳಗೆ ಅತ್ತೆ, ಸೂಲಗಿತ್ತಿ. ಹೊರಗೆ ಪಡಸಾಲೆಯಲ್ಲಿ ನಾನು, ಮಾವ. ಬೆಳಗಿನಿಂದ ಕೇಳುತ್ತಿದ್ದ ಶಾಂತಾಳ ನರಳಾಟ ಮಧ್ಯಾಹ್ನ ಒಮ್ಮೆಲೇ ನಿಂತಿತು. ಕೂಸಿನ ಅಳು ಕೇಳಲಿಲ್ಲ.

“ಕೂಡ್ರಿ ಮಾಸ್ತರ, ಅಡ್ಡಾಡಿದ್ರ ಏನಾಗ್ತದ,” ಎಂದರು ಮಾವ. ಅಡಕೊತ್ತಿಗೆ ಇಟ್ಟ ಅಡಿಕೆಯನ್ನು ಕತ್ತರಿಸದೆ ಹಾಗೇ ತಟ್ಟೆಗೆ ಹಾಕಿದರು.

ನಾನು ಕೂಡಲಿಲ್ಲ. ಆ ನೇರಳೆ ಕೋಣೆಯಲ್ಲಿ ಎಷ್ಟು ಕೂಸುಗಳು ಉಸಿರೆಳೆಯದೆ ಹೋದವೋ, ಎಷ್ಟು ತಾಯಂದಿರು ಹೊರಗೆ ಬರಲೇ ಇಲ್ಲವೋ, ಇಷ್ಟು ವರ್ಷ ಪಾಠ ಹೇಳಿಯೂ ನನಗೆ ಹೊಳೆದಿರಲಿಲ್ಲ. ಬಿರುದೆಲ್ಲ ಬದುಕಿದವರದು. ನನಗೆ ಯಾವ ಬಿರುದೂ ಬೇಡ, ಇಬ್ಬರೂ ಉಳಿದರೆ ಸಾಕು ಎಂದು ಬಾಗಿಲ ಕಡೆ ನೋಡುತ್ತ ನಿಂತೆ.

ಆಗ ಒಳಗೊಂದು ಸೀನು ಕೇಳಿಸಿತು. ತೀರಾ ಸಣ್ಣದು. ಅದರ ಹಿಂದೆ ಇನ್ನೊಂದು. ಆಮೇಲೆ ಅಳು.

ಅತ್ತೆ ಬಾಗಿಲು ತೆರೆದರು. “ಹೆಣ್ಣರಿ. ಇಬ್ರೂ ಚೊಲೋ ಅದಾರ. ಅಳೂದು ಬಿಟ್ಟು ಮೊದಲ ಸೀನಿತು ನೋಡ್ರಿ, ಥೇಟ್ ನಿಮ್ಮಂಗ.”

ಈಗಲೂ ಒಗ್ಗರಣೆಯ ಘಾಟಿಗೆ ಮೊದಲು ನಾನು ಸೀನುತ್ತೇನೆ, ಆಮೇಲೆ ಒಳಗಿನಿಂದ ಮಗಳು. ಅವಳ ಸೀನು ಕೇಳುವ ತನಕ ನಾನು ಪುಸ್ತಕದ ಪುಟ ತಿರುವುವುದಿಲ್ಲ.