ಅಪ್ಪ ಮುಂದೆ ಕೂತರೆ

ಆಳಂದದ ಕಾರ್ಯಕ್ರಮದಲ್ಲಿ ಮಗಳ ಹೆಸರು ಕರೆದಾಗ ಅವಳು ವೇದಿಕೆಯ ಹಿಂದೆ ವಾಂತಿ ಮಾಡುತ್ತಿದ್ದಳು.

ಬಿಸಿಲಿಗೆ ಆಗಿರಬೇಕು ಎಂದುಕೊಂಡೆ. ನೀರು ಕುಡಿಸಿ, ಬೆನ್ನು ಸವರಿ ಕಳಿಸಿದೆ. ಅಂಬಿಕಾ ತಂಬೂರಿಯ ಮುಂದೆ ಕುಳಿತಳು. ಷಡ್ಜ ಹಿಡಿದಳು. ಆಮೇಲೆ ಬಾಯಿ ತೆರೆದೇ ಇತ್ತು.

ದನಿ ಇರಲಿಲ್ಲ.

ಅವಳಿಗೆ ಇಪ್ಪತ್ತೆರಡು ವರ್ಷ. ಆರನೇ ವಯಸ್ಸಿನಿಂದ ಹಿಂದುಸ್ತಾನಿ ಕಲಿಸಿದವನು ನಾನೇ. ಜೇವರ್ಗಿಯ ಶಾಲೆಯೊಂದರಲ್ಲಿ ಸಂಗೀತದ ಮಾಸ್ತರ.

ಕೆಲವೇ ದಿನಗಳಲ್ಲಿ ಅದು ಮನೆಗೂ ಬಂತು. ಬೆಳಗಿನ ರಿಯಾಜಿಗೆ ಕೂತರೆ ಅವಳ ಕೈ ತಣ್ಣಗಾಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಒಂದೇ ಆಲಾಪವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಅಳಿಸಿ, ಮತ್ತೆ ಹಾಡುತ್ತಿದ್ದಳು. ಊಟ ಬಿಟ್ಟಳು. ನಾನು ಬಾಗಿಲಲ್ಲಿ ನಿಂತು "ಗಂಧಾರ ಇಳದದ, ಇನ್ನೊಮ್ಮಿ" ಎನ್ನುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಕಲಬುರಗಿಯ ಇಎನ್‌ಟಿ ಡಾಕ್ಟರು ಎಂಡೋಸ್ಕೋಪಿ ಮಾಡಿದರು. ವೋಕಲ್ ಕಾರ್ಡ್ಸ್ ನಾರ್ಮಲ್. ಸೈಕಿಯಾಟ್ರಿಸ್ಟ್ ಹತ್ತಿರ ತೋರಿಸಿ ಎಂದರು.

'ನಾರ್ಮಲ್' ಎಂಬ ಮಾತಿಗೆ ಅಷ್ಟು ಹೆದರಿದ್ದು ಅದೇ ಮೊದಲು.

ಸೈಕಿಯಾಟ್ರಿಸ್ಟ್ ಅವಳೊಬ್ಬಳೊಂದಿಗೆ ಬಹಳ ಹೊತ್ತು ಮಾತಾಡಿ, ನಂತರ ನನ್ನನ್ನು ಒಳಗೆ ಕರೆದರು. "ನನಗ ಹೇಳಿದ್ದು ಅಪ್ಪಗ ಹೇಳವ್ವ," ಎಂದರು.

ಅಂಬಿಕಾ ನೆಲ ನೋಡುತ್ತ ಹೇಳಿದಳು. "ಅಪ್ಪಾ, ನೀ ಮುಂದ ಕುಂತಿ ಅಂದ್ರ ನನಗ ತಂಬೂರಿ ಕೇಳಂಗಿಲ್ಲ. ನಿನ್ನ ಹುಬ್ಬಷ್ಟ ಕಾಣ್ತದ. ಯಾವಾಗ ಗಂಟ ಬೀಳ್ತದೋ ಅಂತ ಕಾಯ್ಕೋತ ಕುಂದರ್ತೇನಿ."

ಆಗ ನಾನು ಹೇಳಿದ್ದು ಹೆಂಡತಿಗೂ ಗೊತ್ತಿರಲಿಲ್ಲ. ಹರೆಯದಲ್ಲಿ ನಾನು ವೇದಿಕೆ ಬಿಟ್ಟದ್ದು ನೌಕರಿ ಸಿಕ್ಕಿತೆಂದಲ್ಲ. ಸ್ವರ ತಪ್ಪೀತೆಂಬ ಭಯಕ್ಕೆ. ನನ್ನಿಂದ ಆಗದೇ ಹೋದ ತಪ್ಪಿಲ್ಲದ ಹಾಡನ್ನು ಹದಿನಾರು ವರ್ಷ ಮಗಳ ಗಂಟಲಲ್ಲಿ ಹುಡುಕಿದ್ದೆ.

ಗುಳಿಗೆ, ಕೌನ್ಸೆಲಿಂಗ್ ಶುರುವಾದವು. ರಿಯಾಜಿನ ಹೊತ್ತಿಗೆ ನಾನು ಮನೆಯಲ್ಲಿರಬಾರದು ಎಂದಾಯಿತು. "ನೀವು ಹೊರಗ ಹೋದಾಗಿಂದ ಹುಡುಗಿ ಉಣ್ಣಾಕತ್ತಾಳ್ರಿ," ಎಂದಳು ಹೆಂಡತಿ. ಸಮಾಧಾನವೂ ಆಯಿತು, ಚುಚ್ಚಿದಂತೆಯೂ ಆಯಿತು.

ಕಳೆದ ತಿಂಗಳು ಅಫಜಲಪುರದಲ್ಲಿ ಅವಳು ಇಪ್ಪತ್ತು ನಿಮಿಷ ಹಾಡಿದಳು. ನಾನು ಸಭಾಂಗಣದ ಹೊರಗೆ, ಚಪ್ಪಲಿ ಬಿಟ್ಟ ಕಡೆ ನಿಂತಿದ್ದೆ. ಮೊದಲ ಸ್ವರ ಕೇಳುವವರೆಗೆ ಉಸಿರಾಡಿದ ನೆನಪಿಲ್ಲ.

ಹೊರಗೆ ಬಂದು ನನ್ನ ಕೈ ಹಿಡಿದಳು. ಅವಳ ಬೆರಳು ಇನ್ನೂ ತಣ್ಣಗಿದ್ದವು. ಗುಳಿಗೆ ನಿಲ್ಲಿಸಲು ಡಾಕ್ಟರು ಇನ್ನೂ ಹೇಳಿಲ್ಲ.

"ಎರಡ ಕಡೆ ಜಾರಿತಪ್ಪಾ. ಆದ್ರ ಪೂರಾ ಹಾಡಿದೆ."

ನಾನು ಮೂರು ಎಣಿಸಿದ್ದೆ.

"ಹೌದವ್ವ," ಎಂದೆ, "ಪೂರಾ ಹಾಡಿದಿ."